ಹಳೇ ಬಟ್ಟೆ ಬೇಡ ಅಂದರೆ ಯಾಕಿಷ್ಟು ಸಿಟ್ಟು?

ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ "ಈ ಸಲ ಹಳೇ ಬಟ್ಟೆ ತೆಗೆದುಕೊಳ್ಳುವುದಿಲ್ಲ" ಅಂತ ಹಾಕಿದ್ದಕ್ಕೆ ಕೆಲವರು ಗ್ರೂಪ್ ಬಿಟ್ಟು ಹೋದರು. ಹೋಗುವ ಮುಂಚೆ ಒಬ್ಬರು "ಕೊಡೋ ಕೈಯನ್ನೇ ತಡೀತೀರಲ್ಲ, ನಿಮಗೆ ಪುಣ್ಯ ಬರುತ್ತಾ?" ಅಂತ ಕೇಳಿಯೇ ಹೋದರು. ಪುಣ್ಯದ ವಿಷಯ ನನಗೆ ಗೊತ್ತಿಲ್ಲ. ಬಟ್ಟೆಯ ವಿಷಯ ಸ್ವಲ್ಪ ಗೊತ್ತು. ಗ್ರೂಪಿನಲ್ಲಿ ಬರೆದರೆ ಮತ್ತೆ ಜಗಳ ಆಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ದೊಡ್ಡ ಸಂಸ್ಥೆ ಏನಲ್ಲ. ರಿಜಿಸ್ಟರ್ ಆಗಿಲ್ಲ, ಲೆಟರ್‌ಹೆಡ್ ಇಲ್ಲ, ಟೀ ಶರ್ಟಂತೂ ಇಲ್ಲವೇ ಇಲ್ಲ. ಗಣೇಶನ ಚಂದಾ ಎತ್ತುತ್ತಿದ್ದ ಹುಡುಗರು, ರಿಟೈರ್ ಆದ ಒಬ್ಬ ಬ್ಯಾಂಕ್ ಮ್ಯಾನೇಜರ್, ಮೂಲೆಮನೆಯಲ್ಲಿ ಟೈಲರಿಂಗ್ ಮಾಡುವ ಅಕ್ಕ, ನನ್ನಂಥ ಭಾನುವಾರದ ಗಿರಾಕಿಗಳು. ಎಲ್ಲೋ ನೆರೆ ಬಂದರೆ, ಶಾಲೆ ಶುರುವಾದರೆ, ಚಳಿ ಜಾಸ್ತಿಯಾದರೆ ಏನಾದರೂ ಕೂಡಿಸಿ ಕಳಿಸುತ್ತೇವೆ. ಸಾಮಾನು ಇಡಲು ರಾಮಮಂದಿರದ ಹಿಂದೆ ಒಂದು ರೂಮು ಕೊಟ್ಟಿದ್ದಾರೆ. ಇಡೀ ರಾಜ್ಯದಲ್ಲಿ ಇಂಥ ಗುಂಪುಗಳು ಬೀದಿಗೊಂದು ಇರಬೇಕು.

ಆ ರೂಮಿನಲ್ಲಿ ಒಂದು ಸಂಜೆ ಕೂತು ಬಟ್ಟೆ ಬೇರೆ ಮಾಡಿ ನೋಡಿ. ಮೂಟೆ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆಯುವುದು ನುಸಿಗುಳಿಗೆ ವಾಸನೆ. ಆಮೇಲೆ ಒಂದೊಂದೇ ಹೊರಗೆ ಬರುತ್ತವೆ. ಹುಕ್ಕು ಕಿತ್ತ ರವಿಕೆ. ಮೊಣಕಾಲಲ್ಲಿ ತೂತಾದ ಜೀನ್ಸು, ಅದು ಫ್ಯಾಷನ್ನಿನ ತೂತೋ ನಿಜವಾದ ತೂತೋ ಗೊತ್ತಾಗುವುದಿಲ್ಲ. ಜೋಡಿ ಇಲ್ಲದ ಸಾಕ್ಸು. ಮದುವೆಯ ರಿಸೆಪ್ಷನ್‌ಗೆ ಹೊಲಿಸಿದ ಕೋಟು. ಯಾವುದೋ ಇಂಗ್ಲಿಷ್ ಮೀಡಿಯಂ ಶಾಲೆಯ ಟೈ. ಸೊಂಟದ ಹತ್ತಿರ ಹರಿದ ಪಾಲಿಯೆಸ್ಟರ್ ಸೀರೆ. ಒಂದು ಚೀಲದ ತಳದಲ್ಲಿ ಅರ್ಧ ಖಾಲಿಯಾದ ಕೆಮ್ಮಿನ ಸಿರಪ್ಪು ಸಿಕ್ಕಿತ್ತು, ಡೇಟು ಮುಗಿದದ್ದು. ಟೈಲರ್ ಅಕ್ಕ ಪ್ರತಿ ಸೀರೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಮೂರಕ್ಕೆ ಒಂದು ಅವರ ಕೈ ದಾಟಿ ಮುಂದೆ ಹೋದರೆ ಹೆಚ್ಚು. ಉಳಿದದ್ದು ಏನಾಗುತ್ತದೆ? ನಾವೇ ಆಟೋ ಮಾಡಿಸಿ ಕಸದ ಗಾಡಿಗೆ ಸಾಗಿಸುತ್ತೇವೆ. ಅಂದರೆ ನಿಮ್ಮ ಮನೆಯ ಕಸ ನಮ್ಮ ದುಡ್ಡಿನಲ್ಲಿ ಸುತ್ತು ಹೊಡೆದು ಮತ್ತೆ ಕಸಕ್ಕೇ ಸೇರುತ್ತದೆ, ಅಷ್ಟೇ.

ತಂದುಕೊಡುವವರು ಕೆಟ್ಟವರಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಮೊನ್ನೆ ನೆರೆಗೆ ಸಾಮಾನು ಕೂಡಿಸುವಾಗ ಎರಡನೇ ಕ್ರಾಸಿನ ಆಂಟಿ ಒಬ್ಬರು ಎರಡು ಚೀಲ ಹೊತ್ತು ತಂದರು. "ಎಲ್ಲಾ ಚೆನ್ನಾಗೇ ಇದೆಯಮ್ಮ, ಒಂಚೂರು ಹೊಲಿಸ್ಕೊಂಡ್ರೆ ಆಯ್ತು" ಅಂದರು.

"ಆಂಟಿ, ಹೊಲಿಸ್ಕೊಳ್ಳೋಕೆ ಅವರಿಗೆ ಮಿಷನ್ ಎಲ್ಲಿದೆ? ಮನೇನೇ ನೀರಲ್ಲಿದೆ" ಅಂದೆ.

"ಹಾಗಾದ್ರೆ ಇದನ್ನೇನು ಮಾಡ್ಲಿ ನಾನು?"

ನೋಡಿ, ಆ ಕೊನೆಯ ಪ್ರಶ್ನೆಯಲ್ಲೇ ಎಲ್ಲಾ ಇದೆ. ನಮ್ಮ ಹೆಚ್ಚಿನ ಸಂಗ್ರಹಗಳು ಶುರುವಾಗುವುದು ಕೊಡುವವರ ಬೀರುವಿನಿಂದ. ಬೀರು ತುಂಬಿದೆ, ಹಬ್ಬ ಬರುತ್ತಿದೆ, ಮನೆ ಕ್ಲೀನ್ ಆಗಬೇಕು, ಅಷ್ಟರಲ್ಲಿ ಎಲ್ಲೋ ನೆರೆ ಬಂತು. ಏನು ಬೇಕು ಅಂತ ತೆಗೆದುಕೊಳ್ಳುವವರು ಬರೆದುಕೊಟ್ಟ ಚೀಟಿಯಿಂದ ಶುರುವಾಗುವ ಸಂಗ್ರಹ ತೀರಾ ಕಮ್ಮಿ. ನನ್ನ ತಕರಾರು ಇಷ್ಟೇ. ಮೊದಲು ಆ ಚೀಟಿ ತರಿಸಿ, ಆಮೇಲೆ ಬೀರು ತೆಗೆಯಿರಿ.

ಇದು ಹೊಸ ಸಮಸ್ಯೆಯೂ ಅಲ್ಲ. 2004ರ ಸುನಾಮಿ ಆದಾಗ ತಮಿಳುನಾಡಿನ ಕರಾವಳಿಗೆ ದೇಶದ ಮೂಲೆಮೂಲೆಯಿಂದ ಲಾರಿಗಟ್ಟಲೆ ಬಟ್ಟೆ ಹೋಯಿತು. ಯಾರಿಗೂ ಬೇಡವಾಗಿ ಅದರಲ್ಲಿ ಎಷ್ಟೋ ರಸ್ತೆ ಬದಿ ರಾಶಿ ಬಿತ್ತು. ಕೊನೆಗೆ ಅದನ್ನು ಆರಿಸಿ ಉಪಯೋಗಕ್ಕೆ ತರುವ ಕೆಲಸಕ್ಕೆ ಕೈ ಹಾಕಿದ್ದು ದೆಹಲಿಯ ಗೂಂಜ್ ಸಂಸ್ಥೆ. 1999ರಲ್ಲಿ ಅದನ್ನು ಶುರು ಮಾಡಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಹಳೇ ಬಟ್ಟೆಯನ್ನೇ ತೆಗೆದುಕೊಳ್ಳುತ್ತಾರಲ್ಲ ಅಂತ ನೀವು ಕೇಳಬಹುದು. ಹೌದು, ತೆಗೆದುಕೊಳ್ಳುತ್ತಾರೆ. ಆದರೆ ಅವರಲ್ಲಿ ಬಟ್ಟೆ ಆರಿಸುವುದೇ ವರ್ಷವಿಡೀ ನಡೆಯುವ ಕೆಲಸ. ಹಾಕಿಕೊಳ್ಳಲು ಬಾರದ ಹತ್ತಿ ಬಟ್ಟೆಯಿಂದ ಹೆಂಗಸರ ತಿಂಗಳ ಪ್ಯಾಡ್ ಮಾಡುತ್ತಾರೆ. ಇನ್ನೊಂದು ವಿಷಯ, ಬಟ್ಟೆಯನ್ನು ಅವರು ಸುಮ್ನೆ ಹಂಚುವುದಿಲ್ಲ. ಊರಿನವರೇ ಸೇರಿ ತಮಗೆ ಬೇಕಾದ ಬಾವಿಯನ್ನೋ ದಾರಿಯನ್ನೋ ರಿಪೇರಿ ಮಾಡಿಕೊಳ್ಳುತ್ತಾರೆ, ಆ ಕೆಲಸಕ್ಕೆ ಬಟ್ಟೆ ಕೊಡುತ್ತಾರೆ. ಭಿಕ್ಷೆ ಅನ್ನುವ ಭಾವನೆ ಬರದ ಹಾಗೆ. ಅದಕ್ಕೆ ಜಾಗ ಬೇಕು, ಜನ ಬೇಕು. ನಮ್ಮ ಹತ್ತಿರ ಇರುವುದು ರಾಮಮಂದಿರದ ಹಿಂದಿನ ರೂಮು, ಅದೂ ಶ್ರೀರಾಮನವಮಿಗೆ ಖಾಲಿ ಮಾಡಿಕೊಡಬೇಕು.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೇ ಉಕ್ಕಿದಾಗ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಆ ವರ್ಷ ಪಟ್ಟದಕಲ್ಲಿನ ಗುಡಿಗಳ ಒಳಗೂ ನೀರು ನಿಂತಿತ್ತು. ನನ್ನ ಸೋದರತ್ತೆಯ ಊರು ಮಲಪ್ರಭೆಯ ದಂಡೆಗೇ ಇದೆ. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟರೆ ಮೊದಲು ಮುಳುಗುವುದೇ ಅಂಥ ಊರುಗಳು. ನೀರು ಇಳಿದ ಮೇಲೆ ಫೋನ್ ಸಿಕ್ಕಿತು. ಏನು ಕಳಿಸೋಣ ಅಂತ ಕೇಳಿದೆ.

"ಯವ್ವಾ, ಅರಿಬಿ ಸಾಕಾಗ್ಯಾವ. ಗುಡಿ ಮುಂದ ಬಣವಿ ಒಟ್ಟ್ಯಾರ. ಒಳಲಂಗಾ ಕಳಸ್ರಿ, ಬಕೀಟ ಕಳಸ್ರಿ. ಮನ್ಯಾಗಿನ ರಾಡಿ ತಗ್ಯಾಕ ಸಲಿಕಿ ಕಳಸ್ರಿ."

ಅರಿಬಿ ಅಂದರೆ ಬಟ್ಟೆ, ರಾಡಿ ಅಂದರೆ ಕೆಸರು. ಸಲಿಕೆ! ಇಲ್ಲಿ ಕೂತ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಎರೆ ಮಣ್ಣಿನ ರಾಡಿ ಮನೆಯೊಳಗೆ ಮೊಣಕಾಲಿನವರೆಗೆ ತುಂಬಿದಾಗ ಮೊದಲು ಬೇಕಾಗುವುದು ಸಲಿಕೆ, ಬುಟ್ಟಿ, ಬ್ಲೀಚಿಂಗ್ ಪೌಡರ್, ತಾಡಪತ್ರಿ. ಸೀರೆ ಎಷ್ಟು ಬಂದರೇನು, ಒಳಗೆ ಉಡಲು ಲಂಗ ಇಲ್ಲದಿದ್ದರೆ? ಒಳಉಡುಪು ಯಾರೂ ಕಳಿಸುವುದಿಲ್ಲ. ಹಳೆಯದು ಕೊಡುವ ಹಾಗಿಲ್ಲ, ಹೊಸದು ಕೊಳ್ಳಲು ದುಡ್ಡು ಬಿಚ್ಚಬೇಕು, ಮೇಲಾಗಿ ಗ್ರೂಪಿನಲ್ಲಿ ಹೆಸರು ಹೇಳಿ ಕೇಳಲು ನಾಚಿಕೆ. ನಾಚಿಕೆಯಿಂದಾಗಿ ಎಷ್ಟು ನಿಜವಾದ ಅಗತ್ಯಗಳು ಪಟ್ಟಿಗೇ ಬರುವುದಿಲ್ಲ ಅಂದರೆ ಬೇಸರವಾಗುತ್ತದೆ. ಈಗ ನಮ್ಮ ಪಟ್ಟಿಯಲ್ಲಿ ಅಳತೆ ಸಮೇತ ಬರೆದು ಹಾಕುತ್ತೇವೆ. ಒಂದಿಬ್ಬರು ಮುಖ ಸಿಂಡರಿಸಿದರು, ಆಮೇಲೆ ಅಭ್ಯಾಸವಾಯಿತು.

ಅದೇ ನೆರೆಯಲ್ಲಿ ಪಕ್ಕದ ಒಣ ಊರುಗಳವರು ಏನು ಮಾಡಿದರು ಗೊತ್ತಾ? ಮನೆಗೆ ಇಷ್ಟು ಅಂತ ರೊಟ್ಟಿ ಬಡಿದು, ಶೇಂಗಾ ಚಟ್ನಿ ಜೊತೆ ಗಂಟು ಕಟ್ಟಿ ಕಳಿಸಿದರು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಒಲೆ ಬೇಡ, ಪಾತ್ರೆ ಬೇಡ. ತಿನ್ನುವವರಿಗೂ ಅದೇ ಊಟ, ಕೊಡುವವರಿಗೂ ಅದೇ. ನಾವು ಇಲ್ಲಿಂದ ಸೋನಾಮಸೂರಿ ಅಕ್ಕಿ ಕಟ್ಟಿ ಲಾರಿ ಬಾಡಿಗೆ ಕೊಡುತ್ತಿದ್ದೆವು.

ಅವರಿಗೆ ಇದು ಹೊಸದೇನಲ್ಲ. ಪ್ರತಿ ವರ್ಷ ಜನವರಿ ಸುಮಾರಿಗೆ ಕೊಪ್ಪಳದ ಗವಿಮಠದ ಜಾತ್ರೆ ನಡೆಯುತ್ತದೆ. ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ, ಚಕ್ಕಡಿಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಮಾದಲಿ, ಕಾಳುಕಡಿ, ತರಕಾರಿ ಬೇರೆ. ಸ್ವಯಂಸೇವೆ, ಡೊನೇಷನ್ ಡ್ರೈವ್ ಅಂತ ನಾವು ಈಗ ದೊಡ್ಡ ಹೆಸರಿಟ್ಟು ಮಾಡುವುದನ್ನು ಅಲ್ಲಿಯ ಓಣಿಯ ಹೆಂಗಸರು ಹರಟೆ ಹೊಡೆಯುತ್ತಾ ಮಾಡಿ ಮುಗಿಸುತ್ತಾರೆ. ಮುಖ್ಯ ವಿಷಯ ಏನೆಂದರೆ, ಮುಗ್ಗಲು ಹಿಟ್ಟಿನ ರೊಟ್ಟಿ ಯಾರೂ ಕಳಿಸುವುದಿಲ್ಲ. ಯಾಕೆ ಕಳಿಸುತ್ತಾರೆ? ಜಾತ್ರೆಗೆ ಹೋದ ದಿನ ತಾವೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ತನ್ನ ತಟ್ಟೆಗೂ ಅದು ಬರಬಹುದು ಅಂತ ಗೊತ್ತಿದ್ದರೆ ಕೈ ತಾನಾಗಿ ಒಳ್ಳೆಯದನ್ನೇ ಆರಿಸುತ್ತದೆ. ನಮ್ಮ ಬಡಾವಣೆಯಲ್ಲಿ ಆ ಪಂಕ್ತಿ ಇಲ್ಲ. ನಾವು ಕೊಟ್ಟದ್ದು ಯಾರಿಗೋ, ಎಲ್ಲಿಗೋ ಹೋಗುತ್ತದೆ. ಹಾಗಾಗಿಯೇ ಹುಕ್ಕಿಲ್ಲದ ರವಿಕೆ ಬರುತ್ತದೆ.

ಅಕ್ಕಿಯ ಮಾತು ಬಂತಲ್ಲ, ರೇಷನ್ ಕಿಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಬಡವರಿಗೆ ಕಿಟ್ ಅಂದ ತಕ್ಷಣ ನಾವೆಲ್ಲಾ ಮೊದಲು ಬರೆಯುವುದು ಅಕ್ಕಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅನ್ನಭಾಗ್ಯದ ಅಕ್ಕಿ ಬರುತ್ತದೆ. ಅವರಿಗೆ ಕಷ್ಟವಾಗುವುದು ಬೇಳೆ, ಎಣ್ಣೆ, ಸಾಂಬಾರ್ ಪುಡಿ, ಸೋಪು, ಗ್ಯಾಸು. ಕಾರ್ಡೇ ಇಲ್ಲದವರು ಬೇರೆ. ಕಟ್ಟಡದ ಶೆಡ್ಡಿನಲ್ಲಿರುವ ಬಿಹಾರ, ಒಡಿಶಾ, ಬಂಗಾಳದ ಹುಡುಗರು. 2020ರ ಲಾಕ್‌ಡೌನಿನಲ್ಲಿ ಅವರಿಗೂ ಎಲ್ಲರಿಗೂ ಕೊಟ್ಟ ಅದೇ ಕಿಟ್ ಕೊಟ್ಟವರು ಬಹಳ ಜನ. ಅವರಿಗೆ ಬೇಕಾದದ್ದು ಆಲೂಗಡ್ಡೆ, ಈರುಳ್ಳಿ, ಸಾಸಿವೆ ಎಣ್ಣೆ, ಮತ್ತೆ ಕೆಜಿ ಲೆಕ್ಕದಲ್ಲಿ ತುಂಬಿಸುವ ಆ ಸಣ್ಣ ಸಿಲಿಂಡರಿಗೆ ಗ್ಯಾಸು. ಕೂಲಿ ನಿಂತ ಮೇಲೆ ಊರಿಗೆ ಫೋನ್ ಮಾಡಲು ಮೊಬೈಲಿಗೆ ಕರೆನ್ಸಿ. ಹೋಗಿ ಕೇಳಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಇನ್ನು ದಾನ ಅಂದರೆ ಮೊದಲ ವಾರದ ಗಲಾಟೆ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಮಕ್ಕಂದೂರು, ಜೋಡುಪಾಲದ ಸುದ್ದಿ ಟಿವಿಯಲ್ಲಿ ಬರುತ್ತಿದ್ದಾಗ, ಮಡಿಕೇರಿ ಕಡೆಗೆ ಹೊರಟ ಗಾಡಿಗಳಿಗೆ ಲೆಕ್ಕವಿರಲಿಲ್ಲ. ಜಂಬೂರು, ಮದೆನಾಡಿನಲ್ಲಿ ಕಟ್ಟಿದ ಮನೆಗಳ ಬೀಗದ ಕೈ ಸಂತ್ರಸ್ತರ ಕೈಗೆ ಬಂದದ್ದು 2020ರ ಜೂನ್‌ನಲ್ಲಿ. ನಡುವಿನ ಆ ಎರಡು ವರ್ಷ ಬಾಡಿಗೆ ಮನೆಯಲ್ಲಿ, ನೆಂಟರ ಮನೆಯಲ್ಲಿ ಇದ್ದವರಿಗೆ ಯಾರು ಏನು ಕಳಿಸಿದರು? ಒಂದೇ ಮನೆಯನ್ನಾದರೂ ವರ್ಷಗಟ್ಟಲೆ ನೋಡಿಕೊಳ್ಳುವ ಗುಂಪುಗಳ ಮೇಲೆ ನನಗೆ ಜಾಸ್ತಿ ಗೌರವ.

ನೆರೆ ಆದ ಮೇಲೆ ಕಾಗದಪತ್ರದ ಕೆಲಸ ಇನ್ನೊಂದು ದೊಡ್ಡ ಗೋಳು. 2019ರಲ್ಲಿ ಸರ್ಕಾರ ತಕ್ಷಣಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಹೇಳಿತು. ಹಾನಿ ಎಷ್ಟು ಅಂತ ನೋಡಿ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಆಧಾರ್, ಪಾಸ್‌ಬುಕ್, ಮನೆಯ ದಾಖಲೆಯಾದ ಉತಾರ ಎಲ್ಲಾ ನೀರಲ್ಲಿ ಹೋದವರು ಅರ್ಜಿ ತುಂಬುವುದು ಹೇಗೆ? ಆಗ ಅತ್ತೆಯ ಊರಿಗೆ ನಮ್ಮ ಬ್ಯಾಂಕ್ ಅಂಕಲ್ ಹೋಗಿ ಒಂದು ಕಟ್ಟೆಯ ಮೇಲೆ ಕೂತರು. ಅರ್ಜಿ ತುಂಬಿಕೊಟ್ಟರು, ಝೆರಾಕ್ಸ್ ಮಾಡಿಸಿದರು, ಪಾಸ್‌ಬುಕ್ಕಿಗೆ ಡೂಪ್ಲಿಕೇಟ್ ಬರೆಸಿದರು. ನಾವು ಕಳಿಸಿದ ಇಡೀ ಲಾರಿಗಿಂತ ಅವರು ಮಾಡಿದ್ದು ದೊಡ್ಡದು ಅಂತ ನನ್ನ ಲೆಕ್ಕ. ಫೋಟೋದಲ್ಲಿ ಮಾತ್ರ ಏನೂ ಕಾಣುವುದಿಲ್ಲ, ಒಬ್ಬ ಮುದುಕ ಪೆನ್ನು ಹಿಡಿದು ಕೂತಿದ್ದಾರೆ ಅಷ್ಟೇ.

ಫೋಟೋ ಬಗ್ಗೆ ಉದ್ದ ಹೇಳುವುದಿಲ್ಲ. ಸಾಮಾನಿನ ಫೋಟೋ ಹಾಕಿ, ಬಿಲ್ಲಿನ ಫೋಟೋ ತಪ್ಪದೇ ಹಾಕಿ. ತೆಗೆದುಕೊಳ್ಳುವವರ ಮುಖ ಬೇಡ. ನಿಮ್ಮ ಮಗಳು ಶಾಲೆಯ ಫೀಸಿಗೆ ಸಾಲ ಕೇಳುವ ಹೊತ್ತಿನಲ್ಲಿ ಯಾರಾದರೂ ಮೊಬೈಲ್ ಹಿಡಿದು "ಒಂಚೂರು ಈ ಕಡೆ ನೋಡಮ್ಮ" ಅಂದರೆ ಹೇಗಿರುತ್ತದೆ? ಬ್ಯಾನರ್ ಹಿಡಿದು ನಿಲ್ಲುವ ಆಸೆ ಇರುವವರು ನಮ್ಮ ಗುಂಪಿಗೆ ಬಂದಿದ್ದಾರೆ, ಒಂದೆರಡು ಸಲ ಬಂದು ತಾವಾಗಿಯೇ ಬಿಟ್ಟಿದ್ದಾರೆ.

ದುಡ್ಡು ಕೊಡಿ ಅಂದರೆ ಅನುಮಾನ, ಬಟ್ಟೆ ಕೊಡಿ ಅಂದರೆ ಧಾರಾಳ. ಅನುಮಾನ ತಪ್ಪಲ್ಲ. ಯಾರದೋ ಸ್ವಂತ ಖಾತೆಯ ಕ್ಯೂಆರ್ ಕೋಡಿಗೆ ಹಣ ಹಾಕಿ ಆಮೇಲೆ ಲೆಕ್ಕವೇ ಸಿಗದೆ ಸುಮ್ಮನಾದವರು ನಮ್ಮಲ್ಲೇ ಇದ್ದಾರೆ. ಹಾಗಾಗಿ ಅಂಕಲ್ ಪ್ರತಿ ರೂಪಾಯಿಯನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದು, ಆ ಪುಟದ ಫೋಟೋ ಗ್ರೂಪಿಗೆ ಹಾಕುತ್ತಾರೆ. ಉಳಿದ ದುಡ್ಡು ಎಷ್ಟು, ಮುಂದೆ ಯಾವುದಕ್ಕೆ ಅನ್ನುವುದೂ ಅದರಲ್ಲೇ ಇರುತ್ತದೆ. ದುಡ್ಡಿದ್ದರೆ ಸಾಮಾನನ್ನು ಆ ಊರಿನ ಹತ್ತಿರದ ಪೇಟೆಯಲ್ಲೇ ಕೊಳ್ಳಬಹುದು. ಲಾರಿ ಬಾಡಿಗೆ ಉಳಿಯುತ್ತದೆ, ನೆರೆಯಿಂದ ವ್ಯಾಪಾರ ಕಳೆದುಕೊಂಡ ಅಲ್ಲಿನ ಅಂಗಡಿಯವರಿಗೂ ನಾಲ್ಕು ಕಾಸು ಸಿಗುತ್ತದೆ.

ಈಗ ಈ ಸಲದ ವಿಷಯ. ನಮ್ಮ ಹತ್ತಿರದ ಸರ್ಕಾರಿ ಶಾಲೆಯ ಮೇಡಂ ಹತ್ತಿರ ಹೋಗಿ ಏನು ಬೇಕು ಅಂತ ಕೇಳಿದೆವು. ನಾವು ಬ್ಯಾಗು, ವಾಟರ್ ಬಾಟಲ್ ಅಂದುಕೊಂಡು ಹೋಗಿದ್ದೆವು. ಅವರು ಹೇಳಿದ್ದೇ ಬೇರೆ. ಪಠ್ಯಪುಸ್ತಕ ಸರ್ಕಾರದಿಂದ ಬರುತ್ತದೆ, ಶೂ ಸಾಕ್ಸು ಬರುತ್ತದೆ, ಸಮವಸ್ತ್ರದ ಬಟ್ಟೆಯೂ ಬರುತ್ತದೆ. ಆದರೆ ಹೊಲಿಗೆ ಕೂಲಿ ಅಪ್ಪ ಅಮ್ಮನೇ ಕೊಡಬೇಕು. ಎರಡು ಮೂರು ಮಕ್ಕಳಿರುವ ಮನೆಯಲ್ಲಿ ಆ ಬಟ್ಟೆ ಎಷ್ಟೋ ತಿಂಗಳು ಟ್ರಂಕಿನಲ್ಲೇ ಇರುತ್ತದಂತೆ, ಮಗು ಹಳೇ ಅಂಗಿಯಲ್ಲೇ ಬರುತ್ತದಂತೆ.

ಹಾಗಾಗಿ ಈ ಸಲ ನಾವು ಎತ್ತುತ್ತಿರುವುದು ಹೊಲಿಗೆ ಕೂಲಿ. ಹೊಲಿಯುವುದು ಟೈಲರ್ ಅಕ್ಕ ಮತ್ತು ಪಕ್ಕದ ಬೀದಿಯ ಇನ್ನಿಬ್ಬರು ಹೆಂಗಸರು, ಪುಕ್ಕಟೆ ಅಲ್ಲ, ಪೂರ್ತಿ ರೇಟಿಗೆ. ಅಳತೆಯನ್ನು ಅವರೇ ಶಾಲೆಗೆ ಹೋಗಿ ತೆಗೆದುಕೊಂಡು ಬರುತ್ತಾರೆ. ಎರಡನೇ ಕ್ರಾಸಿನ ಆಂಟಿ ಬಂದು ನಾಲ್ಕು ಮಕ್ಕಳ ಕೂಲಿ ಕೊಟ್ಟು ಹೋಗಿದ್ದಾರೆ. ಚೀಲ ಎರಡೂ ಇನ್ನೂ ಅವರ ಮನೆಯಲ್ಲೇ ಇವೆ, ಅದರ ಬಗ್ಗೆ ನಾನು ಕೇಳಿಲ್ಲ. ಕೊಡುವವರು ಅಂಕಲ್ ಹತ್ತಿರ ಪುಸ್ತಕದಲ್ಲಿ ಹೆಸರು ಬರೆಸಿ. ಅಂಕಲ್ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ರಾಮಮಂದಿರದ ಹತ್ತಿರ ಇರುತ್ತಾರೆ. ಗುಂಡಿ, ದಾರ, ಜಿಪ್ಪು ಕೊಡಿಸುವವರಿದ್ದರೆ ಬಣ್ಣ ಕೇಳಿಕೊಂಡು ತನ್ನಿ.