ತೆರಿಗೆಯ ಲೆಕ್ಕಕ್ಕೆ ಗಂಡ ಹೆಂಡತಿ ಏಪ್ರಿಲ್‌ನಲ್ಲೇ ಕೂರಬೇಕು

ನಮ್ಮ ದೇಶದಲ್ಲಿ ಗಂಡ ಹೆಂಡತಿ ಸೇರಿ ಒಂದೇ ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಅವಕಾಶವಿಲ್ಲ. ಕಾನೂನಿನ ಕಣ್ಣಿಗೆ ಅವರು ಇಬ್ಬರು ಬೇರೆ ಬೇರೆ ತೆರಿಗೆದಾರರು. ಆದರೂ ಕೊಡಗಿನ ಹೆಚ್ಚಿನ ಮನೆಗಳಲ್ಲಿ ವಿಮೆಯ ಕಂತು, ಮಕ್ಕಳ ಶಾಲಾ ಶುಲ್ಕ, ಸಾಲದ ಮರುಪಾವತಿ ಎಲ್ಲವೂ ಯಜಮಾನರ ಖಾತೆಯಿಂದಲೇ ಹೋಗುತ್ತವೆ. ಇಂಥ ಪಾವತಿಗಳನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯಲು ಬಿಡುವ, 80ಸಿ ಎಂದೇ ಪರಿಚಿತವಾದ ಕಡಿತದ ಮಿತಿ ತಲಾ 1.5 ಲಕ್ಷ ರೂಪಾಯಿ. ಗಂಡನ ಮಿತಿ ತುಂಬಿದ ಮೇಲೆ ಆತ ಕಟ್ಟುವ ಶುಲ್ಕಕ್ಕೆ ಯಾವ ಕಡಿತವೂ ದೊರೆಯದು, ದುಡಿಯುವ ಹೆಂಡತಿಯ ಮಿತಿ ಮಾತ್ರ ಖಾಲಿಯೇ ಉಳಿದಿರುತ್ತದೆ. ಆದ್ದರಿಂದ ಯಾವುದನ್ನು ಯಾರು ಕಟ್ಟಬೇಕೆಂದು ಹಣಕಾಸು ವರ್ಷ ಶುರುವಾಗುವ ಏಪ್ರಿಲ್‌ನಲ್ಲೇ ಇಬ್ಬರೂ ಕೂತು ಲೆಕ್ಕ ಹಾಕಬೇಕು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವುದು ಗೃಹಸಾಲದಲ್ಲಿ. ಕುಶಾಲನಗರದಲ್ಲಿ ಮನೆ ಕಟ್ಟಿಸಿ ವರ್ಷಕ್ಕೆ 3.5 ಲಕ್ಷ ಬಡ್ಡಿ ಕಟ್ಟುವ ದಂಪತಿಯನ್ನು ಊಹಿಸಿಕೊಳ್ಳಿ. ತೆರಿಗೆ ಲೆಕ್ಕಕ್ಕೆ ಆರಿಸಿಕೊಳ್ಳಬಹುದಾದ ಹಳೆಯ, ಹೊಸ ಎಂಬ ಎರಡು ಪದ್ಧತಿಗಳ ಪೈಕಿ ಹಳೆಯದರಲ್ಲಿ, ಸ್ವಂತ ವಾಸದ ಮನೆಗೆ ಒಬ್ಬರು ಕೇಳಬಹುದಾದ ಬಡ್ಡಿ ಕಡಿತ 2 ಲಕ್ಷ ಮಾತ್ರ. ಇಬ್ಬರೂ ಸಮಪಾಲಿನ ಒಡೆಯರೂ ಸಾಲಗಾರರೂ ಆಗಿದ್ದು, ಇಬ್ಬರೂ ಕಂತು ಕಟ್ಟುತ್ತಿದ್ದರೆ ತಲಾ 1.75 ಲಕ್ಷದಂತೆ ಪೂರ್ತಿ ಬಡ್ಡಿಗೆ ಕಡಿತ ಸಿಗುತ್ತದೆ. ಸಾಲದ ಪತ್ರದಲ್ಲಿ ಸಹಿ ಹಾಕಿಸಿಕೊಂಡು ಕ್ರಯಪತ್ರದಲ್ಲಿ ಹೆಂಡತಿಯ ಹೆಸರು ಬಿಟ್ಟಿದ್ದರೆ ಆಕೆಗೆ ಈ ಕಡಿತವಿಲ್ಲ. ಹೊಣೆಯಲ್ಲಿ ಪಾಲು ಕೊಟ್ಟು ಒಡೆತನದಲ್ಲಿ ಕೊಡದಿರುವುದು ತೆರಿಗೆಯ ಮಾತನ್ನು ಬದಿಗಿಟ್ಟರೂ ಅನ್ಯಾಯವೇ ಎಂದು ನಾನು ನಂಬಿದ್ದೇನೆ.

ಆರೋಗ್ಯ ವಿಮೆಯಲ್ಲಿಯೂ ಗಮನವಿರಲಿ: ಅತ್ತೆ ಮಾವನವರ ಪಾಲಿಸಿಗೆ ಅಳಿಯ ಹಣ ಕಟ್ಟಿದರೆ ಕಡಿತ ಸಿಗುವುದಿಲ್ಲ, ಮಗಳು ತನ್ನ ಖಾತೆಯಿಂದ ಕಟ್ಟಿದರೆ ಸಿಗುತ್ತದೆ.

ಇವೆಲ್ಲ ಹಳೆಯ ಪದ್ಧತಿಯ ಮಾತು. ಹೊಸ ಪದ್ಧತಿಯಲ್ಲಿ ಈ ಕಡಿತಗಳಿಲ್ಲ. ಆದರೆ ಪದ್ಧತಿಯ ಆಯ್ಕೆ ಒಬ್ಬೊಬ್ಬರದೂ ಪ್ರತ್ಯೇಕ. 2025-26ನೇ ಹಣಕಾಸು ವರ್ಷದಲ್ಲಿ 11 ಲಕ್ಷ ಸಂಬಳದ ಶಿಕ್ಷಕಿಗೆ, ಬೇರೆ ಆದಾಯವಿಲ್ಲದಿದ್ದರೆ, ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ. ಅಂಥ ಮನೆಯಲ್ಲಿ ಕಡಿತಗಳನ್ನು ಸಮನಾಗಿ ಹಂಚುವುದು ವ್ಯರ್ಥ; ಪತಿಗೆ ಹಳೆಯ ಪದ್ಧತಿಯೇ ಲಾಭವೆಂದು ಲೆಕ್ಕ ತೋರಿಸಿದರೆ ಶುಲ್ಕ, ವಿಮೆಗಳನ್ನು ಆತನೇ ಕಟ್ಟುವುದು ಸರಿ. ಹೋಂಸ್ಟೇ ನಡೆಸುವವರೂ, ತಾವೇ ಕಾಫಿ ಸಂಸ್ಕರಿಸಿ ಮಾರಿ ಲಾಭದ ಶೇ. 25ರಷ್ಟನ್ನು ವ್ಯಾಪಾರದ ಆದಾಯವೆಂದು ತೋರಿಸುವ ಬೆಳೆಗಾರರೂ ಇನ್ನಷ್ಟು ಎಚ್ಚರ ವಹಿಸಬೇಕು. ಸಂಬಳದಾರರು ವರ್ಷ ವರ್ಷವೂ ಪದ್ಧತಿ ಬದಲಿಸಬಹುದು, ಆದರೆ ವ್ಯಾಪಾರದ ಆದಾಯವುಳ್ಳವರು ಹಳೆಯದನ್ನು ಆರಿಸಿ ಹೊಸದಕ್ಕೆ ಮರಳಿದ ಮೇಲೆ ಆ ಆದಾಯವಿರುವವರೆಗೆ ಮತ್ತೆ ಹಳೆಯದಕ್ಕೆ ಹೋಗುವಂತಿಲ್ಲ.

ಕಡಿತ ಹಂಚಿಕೊಳ್ಳುವುದು ನ್ಯಾಯಸಮ್ಮತ, ಆದಾಯವನ್ನೇ ಕಾಗದದ ಮೇಲೆ ಹಂಚುವುದು ಹಾಗಲ್ಲ. ಹೆಂಡತಿಗೆ ಹಣ ದಾನವಾಗಿ ಕೊಟ್ಟು ಆಕೆಯ ಹೆಸರಿನಲ್ಲಿ ಠೇವಣಿ ಇಟ್ಟರೆ ಅದರ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಹೋಂಸ್ಟೇಯ ಲೆಕ್ಕದಲ್ಲಿ ಹೆಂಡತಿಗೆ ಸಂಬಳ ಬರೆದರೂ, ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಹಾಗೂ ಅನುಭವದ ಬಲದಿಂದ ಗಳಿಸಿದ್ದಲ್ಲದಿದ್ದರೆ, ಅದೂ ಗಂಡನ ಆದಾಯವೆಂದೇ ಎಣಿಕೆಯಾಗುತ್ತದೆ. ಅಡುಗೆಯಿಂದ ಅತಿಥಿಗಳ ಲೆಕ್ಕದವರೆಗೆ ಆಕೆಯೇ ನಡೆಸುವ ಹೋಂಸ್ಟೇಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥಲ್ಲಿ ಹೊಸದಾಗಿ ಆರಂಭಿಸುವಾಗಲೇ ಆಕೆಯನ್ನು ನಿಜವಾದ ಪಾಲುದಾರಳನ್ನಾಗಿ ಮಾಡಿ, ಬಂಡವಾಳದಲ್ಲಿ ಆಕೆಯ ಸ್ವಂತ ಹಣವೂ ಇರುವಂತೆ ನೋಡಿಕೊಂಡು, ನೋಂದಣಿ ಮತ್ತು ಬ್ಯಾಂಕ್ ಖಾತೆಗಳಲ್ಲಿ ಆಕೆಯ ಹೆಸರು ಸೇರಿಸುವುದು ಒಳ್ಳೆಯದು.