ಆರು ಗಂಟೆಯ ಜೀರುಂಡೆ

ಬೋರ್ನಿಯೋದ ಮಳೆಕಾಡಿನಲ್ಲಿ ಸಂಜೆ ಆರರ ಸುಮಾರಿಗೆ ಒಂದು ಜೀರುಂಡೆ ಗಂಟಲು ಬಿಚ್ಚುತ್ತದೆ. ಗಂಟಲು ಅಂದದ್ದು ಸುಮ್ನೆ ರೂಢಿಗೆ. ಅದು ಕೂಗುವುದು ಹೊಟ್ಟೆಯಿಂದ. ಜನ ಅದಕ್ಕೆ ಇಟ್ಟಿರುವ ಹೆಸರೇ ‘ಆರು ಗಂಟೆಯ ಜೀರುಂಡೆ’.

ಹುಳಕ್ಕೆ ಗಡಿಯಾರ ಯಾಕೆ ಬೇಕು ಹೇಳಿ? ಅದು ನೋಡುವುದು ಬೆಳಕನ್ನು. ಭೂಮಧ್ಯರೇಖೆಯ ಹತ್ತಿರ ವರ್ಷವಿಡೀ ಹಗಲು ಹೆಚ್ಚುಕಡಿಮೆ ಒಂದೇ ಅಳತೆ. ಹೊತ್ತು ಮುಳುಗುವುದು ಅರ್ಧ ಮುಕ್ಕಾಲು ಗಂಟೆ ಆಚೀಚೆ ಆದರೆ ಜಾಸ್ತಿಯಾಯಿತು. ಹೀಗಾಗಿ ಸಮಯಪಾಲಕ ಎಂಬ ಒಳ್ಳೆಯ ಹೆಸರು ಬಿಟ್ಟಿಯಾಗಿ ಸಿಕ್ಕಿದೆ.

ಇದರ ದಾಯಾದಿ ಮಲೇಷ್ಯಾದ ಪರ್ಯಾಯ ದ್ವೀಪದ ಬೆಟ್ಟಗಳಲ್ಲಿದೆ. ಹೆಸರು ಮೆಗಾಪೊಂಪೋನಿಯ ಇಂಪೆರಟೋರಿಯ. ರೆಕ್ಕೆ ಬಿಚ್ಚಿದರೆ ಸುಮಾರು 20 ಸೆಂಟಿಮೀಟರ್, ಜಗತ್ತಿನ ಜೀರುಂಡೆಗಳಲ್ಲೇ ದೊಡ್ಡದು. ಅದೂ ಮುಸ್ಸಂಜೆಯ ಹಾಡುಗಾರನೇ. ಆದರೆ 1982ರ ಹೊಸ ವರ್ಷಕ್ಕೆ ಅಲ್ಲಿನ ಸರ್ಕಾರ, ಬೋರ್ನಿಯೋದಲ್ಲಿರುವ ತನ್ನ ರಾಜ್ಯಗಳಾದ ಸಬಾ ಮತ್ತು ಸರವಾಕ್ ಜೊತೆ ಹೊಂದಿಕೆಯಾಗಲಿ ಎಂದು ಪರ್ಯಾಯ ದ್ವೀಪದ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿತು. ಈಗ ಅಲ್ಲಿ ಹೊತ್ತು ಮುಳುಗುವಾಗ ಸಾಮಾನ್ಯವಾಗಿ ಏಳು ದಾಟಿರುತ್ತದೆ. ಜೀರುಂಡೆಗೆ ಯಾರೂ ನೋಟಿಸು ಕೊಡಲಿಲ್ಲ. ಅದು ಹಳೇ ಹೊತ್ತಿಗೇ ಕೂಗುತ್ತಿದೆ.

ಹಾಗಂತ ಕಾಡಿನಲ್ಲಿ ಟೈಮ್‌ಟೇಬಲ್ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಅದೇ ಪರ್ಯಾಯ ದ್ವೀಪದ ತೆಮೆಂಗೋರ್ ಕಾಡಿನಲ್ಲಿ ಸಂಶೋಧಕರು ಕಿವಿಗೊಟ್ಟು ಕೇಳಿದಾಗ, ಬೇರೆ ಬೇರೆ ಜಾತಿಯ ಜೀರುಂಡೆಗಳು ದಿನದ ಬೇರೆ ಬೇರೆ ಹೊತ್ತು ಹಂಚಿಕೊಂಡು ಕೂಗುವುದು ಗೊತ್ತಾಯಿತು. ಎಲ್ಲರೂ ಒಟ್ಟಿಗೆ ಶುರು ಹಚ್ಚಿಕೊಂಡರೆ ಹೆಣ್ಣಿಗೆ ತನ್ನ ಜಾತಿಯ ಗಂಡು ಯಾವುದೆಂದು ತಿಳಿಯುವುದಾದರೂ ಹೇಗೆ? ಟಿವಿ ಚರ್ಚೆಗೆ ಕೂರುವವರನ್ನು ಒಂದು ವಾರ ಈ ಕಾಡಿಗೆ ಕಳಿಸಬೇಕು.

ಕೂಗುವುದು ಗಂಡು ಮಾತ್ರ. ಹೊಟ್ಟೆಯ ಎರಡೂ ಪಕ್ಕದಲ್ಲಿ ಗೀರುಗೀರಾದ ತೆಳು ಪೊರೆ. ತಗಡಿನ ಡಬ್ಬಿಯ ಮುಚ್ಚಳವನ್ನು ಒತ್ತಿ ಬಿಟ್ಟರೆ ಟಕ್ ಅನ್ನುತ್ತಲ್ಲ, ಹಾಗೆ ಒಳಗಿನ ಸ್ನಾಯು ಆ ಪೊರೆಯನ್ನು ಸೆಕೆಂಡಿಗೆ ಎಷ್ಟೋ ಸಲ ಎಳೆದು ಬಿಡುತ್ತದೆ. ಹೊಟ್ಟೆಯ ಬಹುಪಾಲು ಬರೀ ಗಾಳಿ, ಸದ್ದು ಹಿಗ್ಗಲಿ ಅಂತ.

ಇಷ್ಟೆಲ್ಲ ಗಲಾಟೆಗೆ ಮೊದಲು ವರ್ಷಗಟ್ಟಲೆ ಮಣ್ಣಿನೊಳಗೆ ವಾಸ, ಬೇರಿನ ರಸವೇ ಊಟ. ಕೊನೆಗೊಂದು ರಾತ್ರಿ ಮರ ಹತ್ತಿ, ಬೆನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಕಂದು ಚಿಪ್ಪು ತೊಗಟೆಯನ್ನು ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಬಗ್ಗಿ ನೋಡಿದರೆ ಸೀಳಿನಲ್ಲಿ ಬಿಳಿ ಎಳೆಗಳು ಜೋತಾಡುತ್ತಿರುತ್ತವೆ. ಅವು ಉಸಿರುನಾಳದ ಒಳಪದರ. ಜೀರುಂಡೆ ಅದನ್ನೂ ಕಳಚಿ ಹೋಗಿರುತ್ತದೆ.

ರೆಕ್ಕೆ ಬಂದ ಮೇಲೂ ಊಟ ಮರದ ರಸವೇ. ಅದು ಬಹುಪಾಲು ನೀರು, ಸತ್ವ ಕಡಿಮೆ. ಹೊಟ್ಟೆ ತುಂಬಬೇಕಾದರೆ ಸಿಕ್ಕಾಪಟ್ಟೆ ಕುಡಿಯಬೇಕು, ಕುಡಿದದ್ದನ್ನು ಹಾಗೇ ಉಚ್ಚೆ ಹೊಯ್ಯಬೇಕು. ಹಾಡುಗಾರ ಎಲ್ಲಿ ಅಂತ ಮರದ ಕೆಳಗೆ ನಿಂತು ಹುಡುಕುವವರು ಬಾಯಿ ಮುಚ್ಚಿಕೊಂಡು ಮೇಲೆ ನೋಡುವುದು ಒಳ್ಳೆಯದು.