ಇಂಗ್ಲಿಷಿನ ಮೇಲೆ ಇಂಗ್ಲಿಷರ ನಿಷೇಧಾಜ್ಞೆ

ದಕ್ಷಿಣ ಲಂಡನ್ನಿನ ಅಪ್ಪರ್ ನಾರ್ವುಡ್‌ನಲ್ಲಿರುವ ಹ್ಯಾರಿಸ್ ಅಕಾಡೆಮಿ ಎಂಬ ಶಾಲೆಯು 2013ರಲ್ಲಿ ಇಂಗ್ಲಿಷ್ ಭಾಷೆಯ ರಕ್ಷಣೆಗೆ ಟೊಂಕ ಕಟ್ಟಿ ನಿಂತ ಸುದ್ದಿ ಆ ವರ್ಷದ ಅಕ್ಟೋಬರಿನಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ‘ಔಪಚಾರಿಕ ಭಾಷಾ ವಲಯ’ಗಳಲ್ಲಿ ಕೆಲವು ಪದಗಳ ಬಳಕೆಯನ್ನು ನಿಷೇಧಿಸಲಾಗಿದೆ ಎಂದು ಶಾಲೆಯ ಫಲಕವೊಂದು ಸಾರುತ್ತಿತ್ತು. ‘ಕಾಜ್’ (ಬಿಕಾಸ್), ‘ಏಂಟ್’ (ಈಸ್ ನಾಟ್), ‘ಲೈಕ್’, ‘ಎಕ್ಸ್‌ಟ್ರಾ’, ‘ಇನ್ನಿಟ್’ (ಅಲ್ಲವೇ) ಮೊದಲಾದವು ಆ ಪಟ್ಟಿಯಲ್ಲಿದ್ದವು; ಬೆಂಗಳೂರಿನ ಹುಡುಗರು ‘ಬೇಜಾನ್’ ಎನ್ನುವ ಕಡೆಯಲ್ಲೆಲ್ಲ ಲಂಡನ್ನಿನ ಹುಡುಗರು ಬಳಸುವ ‘ಬೇರ್’ ಕೂಡ ಸಿಕ್ಕಿಬಿದ್ದಿತ್ತು. ‘ಬೇಸಿಕಲಿ’ ಎಂದು ವಾಕ್ಯವನ್ನು ಆರಂಭಿಸುವುದೂ ‘ಯೆಯಾ’ ಎಂದು ಮುಗಿಸುವುದೂ ಅಪರಾಧವೆನಿಸಿದವು. ವಾಕ್ಯದ ತಲೆಗೂ ಕಾವಲು, ಬಾಲಕ್ಕೂ ಕಾವಲು. ನಡುವೆ ಏನಾದರೂ ಅರ್ಥ ಉಳಿದಿದ್ದರೆ ಅದನ್ನು ಮಗು ನಿರ್ಭಯವಾಗಿ ಹೇಳಬಹುದಿತ್ತು. (ಇದೇ ನಿಯಮವನ್ನು ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲಿ ಜಾರಿಗೊಳಿಸಿದರೆ ಬೆಳಗಿನ ಸಭೆಗಳು ಆರಂಭವಾಗುವುದೇ ಇಲ್ಲ ಎಂಬುದು ಬೇರೆ ಮಾತು.)

ಈ ಶುದ್ಧೀಕರಣ ಕಾರ್ಯ ಸುದ್ದಿಯಾದ ಮರುತಿಂಗಳೇ ಆಕ್ಸ್‌ಫರ್ಡ್ ನಿಘಂಟಿನವರು ‘ಸೆಲ್ಫಿ’ಯನ್ನು ವರ್ಷದ ಪದವೆಂದು ಘೋಷಿಸಿ ಪಟ್ಟ ಕಟ್ಟಿದರು. ಒಂದೇ ವರ್ಷದಲ್ಲಿ ಅದರ ಬಳಕೆ ಶೇಕಡಾ 17,000ರಷ್ಟು ಏರಿದೆ ಎಂದು ಲೆಕ್ಕವನ್ನೂ ಕೊಟ್ಟರು. ಆ ಪದದ ವಂಶಾವಳಿಯನ್ನು ಶೋಧಿಸಿದಾಗ ವಿದ್ವಾಂಸರಿಗೆ ದೊರೆತ ಮೂಲಪುರುಷನೆಂದರೆ, ಗೆಳೆಯನೊಬ್ಬನ ಇಪ್ಪತ್ತೊಂದನೆಯ ಹುಟ್ಟುಹಬ್ಬದಲ್ಲಿ ಕುಡಿದು ಎಡವಿ ತುಟಿ ಒಡೆದುಕೊಂಡು, ಆ ತುಟಿಯ ಮಸುಕಾದ ಚಿತ್ರವನ್ನು 2002ರಲ್ಲಿ ಅಂತರಜಾಲದಲ್ಲಿ ಪ್ರಕಟಿಸಿದ ಒಬ್ಬ ಆಸ್ಟ್ರೇಲಿಯನ್. ಅವನ ಬರವಣಿಗೆಯಲ್ಲಿ ಕಾಗುಣಿತದ ತಪ್ಪೂ ಇತ್ತು. ಹೀಗೆ ಕುಡಿದು ಬಿದ್ದವನ ಮಾತು ನಿಘಂಟಿನ ಸಿಂಹಾಸನವನ್ನೇರಿದ ಹೊತ್ತಿನಲ್ಲಿ, ಕುಡಿಯದೆ, ಬೀಳದೆ, ಸಮವಸ್ತ್ರ ಧರಿಸಿ ನೆಟ್ಟಗೆ ಕುಳಿತ ಮಕ್ಕಳು ‘ಇನ್ನಿಟ್’ ಎನ್ನಲು ಅಕ್ಕಪಕ್ಕ ನೋಡಬೇಕಾಗಿತ್ತು. ಎರಡು ವರ್ಷ ಕಳೆದ ಮೇಲೆ ಅದೇ ಆಕ್ಸ್‌ಫರ್ಡ್, ನಗುತ್ತ ಕಣ್ಣೀರು ಸುರಿಸುವ ಎಮೋಜಿಯನ್ನು ವರ್ಷದ ಪದವಾಗಿ ಆರಿಸಿತು. ಅಕ್ಷರವೇ ಇಲ್ಲದ್ದು ಪದವಾದ ಮೇಲೆ ಕಾಗುಣಿತದ ಗೊಡವೆಯೂ ತಪ್ಪಿತು.

ಈ ಕಾವಲುಗಾರಿಕೆ ನಿನ್ನೆ ಮೊನ್ನೆಯದೇನೂ ಅಲ್ಲ. 1710ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಪತ್ರಿಕೆಯೊಂದರಲ್ಲಿ ತನ್ನ ಕಾಲದವರ ಇಂಗ್ಲಿಷನ್ನು ಕಂಡು ಬಹಳ ನೊಂದುಕೊಂಡ. ಪದಗಳನ್ನು ಅರ್ಧಕ್ಕೆ ಕತ್ತರಿಸಿ ಆಡುವ ಹೊಸ ಚಾಳಿ ಅವನಿಗೆ ಹಿಡಿಸಿರಲಿಲ್ಲ. ಉದ್ದನೆಯ ಲ್ಯಾಟಿನ್ ಪ್ರಯೋಗವೊಂದನ್ನು ಮೊಟಕುಗೊಳಿಸಿ ‘ಮಾಬ್’ (ಪುಂಡರ ಗುಂಪು) ಎಂದು ಮಾಡಿಕೊಂಡಿದ್ದನ್ನೂ, ಎಲ್ಲಿಂದಲೋ ನುಸುಳಿದ ‘ಬ್ಯಾಂಟರ್’ (ಚೇಷ್ಟೆಯ ಮಾತು) ಎಂಬುದನ್ನೂ ತಡೆಯಲು ವರ್ಷಗಟ್ಟಲೆ ಹೆಣಗಿದರೂ ಎದುರಿನವರ ಸಂಖ್ಯೆಯ ಮುಂದೆ ಸೋತೆನೆಂದು ಬರೆದ. ಎರಡು ವರ್ಷಗಳ ಬಳಿಕ, ಭಾಷೆಯನ್ನು ತಿದ್ದಿ ಶಾಶ್ವತವಾಗಿ ನೆಲೆಗೊಳಿಸಲು ಪಂಡಿತರ ಮಂಡಳಿಯೊಂದು ಬೇಕೆಂದು ಆಕ್ಸ್‌ಫರ್ಡಿನ ಅರ್ಲ್ ಆಗಿದ್ದ ರಾಬರ್ಟ್ ಹಾರ್ಲಿಗೆ ಪ್ರಸ್ತಾವ ಸಲ್ಲಿಸಿದ. ಮಂಡಳಿ ಹುಟ್ಟಲೇ ಇಲ್ಲ. ‘ಮಾಬ್’ ಮಾತ್ರ ಮರ್ಯಾದಸ್ಥ ಪದವಾಗಿ ಇಂದು ಪತ್ರಿಕೆಗಳ ತಲೆಬರಹದಲ್ಲಿ ರಾರಾಜಿಸುತ್ತಿದೆ.

ನಮ್ಮಲ್ಲಿನ ಕೆಲವು ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಕನ್ನಡ ಮಾತನಾಡಿದ ಮಕ್ಕಳಿಗೆ ದಂಡ ವಿಧಿಸಿದ ಸುದ್ದಿಯನ್ನು ಆಗಾಗ ಕೇಳಿ ಬೇಸತ್ತವರಿಗೆ ಇದರಿಂದ ಸ್ವಲ್ಪ ಸಮಾಧಾನ ದೊರೆಯಬಹುದು. ಇಲ್ಲಿ ಇಂಗ್ಲಿಷ್ ಆಡಲಿಲ್ಲವೆಂದು ಮಗು ಗದರಿಸಿಕೊಳ್ಳುತ್ತದೆ. ಇಂಗ್ಲಿಷಿನ ತವರಿನಲ್ಲಿ, ಅಮ್ಮನಿಂದಲೋ ಬೀದಿಯಿಂದಲೋ ಕಲಿತ ಇಂಗ್ಲಿಷನ್ನೇ ಆಡಿತೆಂದು ಗದರಿಸಿಕೊಳ್ಳುತ್ತದೆ. ಈ ಕಟ್ಟುಪಾಡಿನ ಫಲಕಗಳು ನೇತಾಡುವುದು ಸಾಮಾನ್ಯವಾಗಿ ಯಾರ ಮಕ್ಕಳು ಓದುವ ಶಾಲೆಗಳಲ್ಲಿ ಎಂಬುದನ್ನೂ ಗಮನಿಸಬೇಕು. ಸಿರಿವಂತರ ಮಕ್ಕಳು ಓದುವ ಈಟನ್ ಶಾಲೆಯ ಹುಡುಗರಿಗೂ ಹೊರಗಿನವರಿಗೆ ತಿಳಿಯದ ತಮ್ಮದೇ ಒಳಮಾತುಗಳಿವೆ. ಶಿಕ್ಷಕರನ್ನು ‘ಬೀಕ್’ ಎಂದೂ ಅಧ್ಯಯನದ ಅವಧಿಯನ್ನು ‘ಹಾಫ್’ ಎಂದೂ ಕರೆಯುತ್ತಾರೆ. ವರ್ಷಕ್ಕೆ ಮೂರು ‘ಹಾಫ್’ ಬರುತ್ತವೆ. ಮೂರು ಅರ್ಧ ಸೇರಿ ಒಂದಾಗುವ ಆ ಗಣಿತವನ್ನು ಪರಂಪರೆ ಎನ್ನುತ್ತಾರೆ, ಅದಕ್ಕೆ ಫಲಕವಿಲ್ಲ.

2021ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್‌ನ ಆರ್ಕ್ ಆಲ್ ಸೇಂಟ್ಸ್ ಅಕಾಡೆಮಿ ಎಂಬ ಶಾಲೆಯ ನಿಷೇಧಿತ ಪದಗಳ ಪಟ್ಟಿಯೊಂದು ಹೊರಬಿತ್ತು. ಅದರಲ್ಲಿ ‘ಓ ಮೈ ಗಾಡ್’ ಎನ್ನುವುದಕ್ಕೂ ಜಾಗವಿತ್ತು. ಅದರ ಮೂರಕ್ಷರದ ಹ್ರಸ್ವರೂಪವಾದ ‘ಓಎಂಜಿ’ಯನ್ನು 1917ರಷ್ಟು ಹಿಂದೆಯೇ ವಿನ್‌ಸ್ಟನ್ ಚರ್ಚಿಲ್‌ಗೆ ಬರೆದ ಪತ್ರದಲ್ಲಿ ಬಳಸಿದವರು ಎಪ್ಪತ್ತು ದಾಟಿದ ನೌಕಾಪಡೆಯ ಅಡ್ಮಿರಲ್ ಲಾರ್ಡ್ ಫಿಶರ್, ಕ್ಯಾಂಬರ್‌ವೆಲ್‌ನಲ್ಲಿ ಅವರನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದರೋ ಏನೋ. ಪಟ್ಟಿಯ ಪ್ರಕಾರ ಮಗು ತನ್ನ ಮಾತನ್ನು ‘ಬಿಕಾಸ್’ ಎಂದು ಆರಂಭಿಸಬಾರದು, ‘ನೋ’ ಎಂದೂ ಆರಂಭಿಸಬಾರದು, ‘ಯೂ ಸೀ’ ಎಂದಂತೂ ಕೂಡದು. ಏಕೆ ಹೀಗೆ ಮಾಡಿದೆ ಎಂದು ಶಿಕ್ಷಕರು ಕೇಳಿದರೆ, ಕಾರಣ ಹೇಳುವ, ಅಲ್ಲಗಳೆಯುವ ಮತ್ತು ವಿವರಿಸುವ ಮೂರು ಬಾಗಿಲುಗಳೂ ಏಕಕಾಲಕ್ಕೆ ಮುಚ್ಚಿಕೊಳ್ಳುತ್ತವೆ. ಆಶ್ಚರ್ಯಪಟ್ಟು ‘ವಾವ್’ ಎನ್ನೋಣವೆಂದರೆ ಅದಕ್ಕೂ ನಿಷೇಧ.

ಮರುವರ್ಷ ಆಕ್ಸ್‌ಫರ್ಡ್ ತನ್ನ ವರ್ಷದ ಪದವನ್ನು ಆರಿಸುವ ಹೊಣೆಯನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟಿತು. ಮೂರು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿ, ಶೇಕಡಾ 93ರಷ್ಟು ಬಹುಮತದಿಂದ, ನಾಚಿಕೆ ಬಿಟ್ಟ ಸೋಮಾರಿತನವನ್ನು ಸೂಚಿಸುವ ‘ಗಾಬ್ಲಿನ್ ಮೋಡ್’ ಅನ್ನು ಗೆಲ್ಲಿಸಿದರು. ಕ್ಯಾಂಬರ್‌ವೆಲ್‌ನ ಮಕ್ಕಳೂ ಮತ ಹಾಕಿದ್ದರೆ ಶಾಲೆ ಆಕ್ಷೇಪಿಸುವಂತಿರಲಿಲ್ಲ. ಅದಕ್ಕೆ ಬೆರಳು ಸಾಕಿತ್ತು, ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ.